ಗಡಸು ನೀರು, ನಾಲ್ಕು ಜೆಲ್: ಕೋಲಾರದ ತಾರಸಿ ಮೇಲೆ ಮಾಡಿ, ಒತ್ತಿ, ತೂಗಿ ನೋಡಿದ್ದು

ನಾಲ್ಕು ಬಗೆಯ ಪಾಲಿಮರ್ (ಸರಪಳಿಯಂಥ ಉದ್ದ ಅಣುಗಳ ವಸ್ತು) ತಂದು ಹೈಡ್ರೋಜೆಲ್, ಅಂದರೆ ನೀರು ಹಿಡಿದಿಟ್ಟುಕೊಳ್ಳುವ ಜೆಲ್, ಮಾಡಿದ ಲೆಕ್ಕ ಇದು. ಎರಡು ಪ್ರಕೃತಿ ಕೊಟ್ಟಿದ್ದು: ಕಂದು ಬಣ್ಣದ ಕಡಲ ಪಾಚಿಯಿಂದ ತೆಗೆಯುವ ಸೋಡಿಯಂ ಆಲ್ಜಿನೇಟ್, ಗೋರಿಕಾಯಿ ಬೀಜದಿಂದ ಬರುವ ಗ್ವಾರ್ ಗಮ್. ಎರಡು ಕಾರ್ಖಾನೆಯದು: ಪಾಲಿವಿನೈಲ್ ಆಲ್ಕೋಹಾಲ್, ಅಂದರೆ ಪಿವಿಎ, ಮತ್ತು ಮಕ್ಕಳ ಡೈಪರ್ ಒಳಗಿರುವ ಸೋಡಿಯಂ ಪಾಲಿಅಕ್ರಿಲೇಟ್. ಇವುಗಳ ಜೊತೆಗೆ ಟೊಮೆಟೊ ತೋಟಕ್ಕೆ ಅಂತ ಭಾವ ತಂದಿದ್ದ ಒಂದು ಪ್ಯಾಕೆಟ್ ಪುಡಿಯೂ ಸೇರಿಕೊಂಡಿತು. "ತೂಕದ 400 ಪಟ್ಟು ನೀರು ಹಿಡಿಯುತ್ತೆ" ಅಂತ ಅದರ ಮೇಲೆ ದಪ್ಪ ಅಕ್ಷರದಲ್ಲಿದೆ. ಯಾವ ನೀರು ಅಂತ ಬರೆದಿಲ್ಲ.

ನನಗೆ ತಿಳಿಯಬೇಕಿದ್ದದ್ದು ಅದೇ. ಇಂಥ ಅಂಕಿಗಳೆಲ್ಲ ಸಾಮಾನ್ಯವಾಗಿ ಡಿಸ್ಟಿಲ್ಡ್ ನೀರಿನಲ್ಲಿ ಅಳೆದವು. ತೋಟಕ್ಕೆ ಯಾರು ಡಿಸ್ಟಿಲ್ಡ್ ನೀರು ಬಿಡ್ತಾರೆ? ಇಲ್ಲಿ ವರ್ಷಪೂರ್ತಿ ಹರಿಯುವ ನದಿಯೇ ಇಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆರೆಗಳಿಗೆ ಬರುತ್ತಿದೆ, ನಿಜ. ಆದರೂ ನಮ್ಮ ಕಡೆ ಡ್ರಿಪ್ ಪೈಪಿನಲ್ಲಿ ಓಡುವುದು ಬೋರ್‌ವೆಲ್ ನೀರೇ. ಮನೆಯ ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆ ಆ ನೀರು ಎಂಥದ್ದು ಅಂತ ಹೇಳಬೇಕಾಗಿಲ್ಲ.

ಮೂರು ನೀರು ಸಾಲಾಗಿ ಇಟ್ಟುಕೊಂಡೆ. ತಾರಸಿ ಡ್ರಮ್ಮಿನ ಮಳೆ ನೀರು, ಬಡಾವಣೆಯ ಶುದ್ಧ ನೀರಿನ ಘಟಕದಿಂದ ತಂದ ಆರ್‌ಒ ಕ್ಯಾನು, ನಲ್ಲಿಯ ಬೋರ್‌ವೆಲ್ ನೀರು. ಟಿಡಿಎಸ್ ಮೀಟರ್ ಮಳೆ ನೀರಿಗೆ ಲೀಟರಿಗೆ 20 ಮಿಲಿಗ್ರಾಂ ಆಸುಪಾಸು ತೋರಿಸಿತು, ಆರ್‌ಒಗೆ 60, ಬೋರ್‌ವೆಲ್‌ಗೆ 1,100. ಆದರೆ ಈ ಮೀಟರ್ ಒಟ್ಟು ಉಪ್ಪು ಹೇಳುತ್ತದೆ ಅಷ್ಟೇ. ಅದರಲ್ಲಿ ಸೋಡಿಯಂ ಎಷ್ಟು, ಕ್ಯಾಲ್ಸಿಯಂ ಎಷ್ಟು ಅನ್ನೋದು ಗೊತ್ತಾಗಲ್ಲ. ಅದಕ್ಕೆ ಹನಿ ಹಾಕಿ ಬಣ್ಣ ನೋಡುವ ಗಡಸುತನದ ಕಿಟ್ ಬೇಕು. ಗಡಸುತನ ಅಂದರೆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅದರಲ್ಲಿ ಬೋರ್‌ವೆಲ್ ನೀರು ಲೀಟರಿಗೆ 500 ಮಿಲಿಗ್ರಾಂ ಹತ್ತಿರ ಬಂತು. ಮುಂದಿನ ಕಥೆಯೆಲ್ಲ ಈ 500ರದ್ದೇ.

ಮೊದಲು ಆಲ್ಜಿನೇಟ್. 100 ಮಿಲಿ ನೀರಿಗೆ ಒಂದೂವರೆ ಗ್ರಾಂ ಪುಡಿ. ಪುಡಿಯನ್ನು ನೇರವಾಗಿ ನೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ಗಂಟಿನ ಹೊರಗೆ ಲೋಳೆ, ಒಳಗೆ ಒಣ ಪುಡಿ. ಎಷ್ಟು ಕಡೆದರೂ ಬಿಡಲ್ಲ. ಮೊದಲು ಒಂದು ಚಮಚ ಗ್ಲಿಸರಿನ್‌ನಲ್ಲಿ ಪುಡಿ ಕಲಸಿಕೊಂಡು, ಆಮೇಲೆ ನೀರು ಹಾಕಿ ಹ್ಯಾಂಡ್ ಬ್ಲೆಂಡರ್ ಓಡಿಸಿದರೆ ಸಲೀಸು. ಬ್ಲೆಂಡರ್ ತುಂಬಿಸಿದ ಗುಳ್ಳೆಗಳು ಹೋಗಲು ರಾತ್ರಿಯಿಡೀ ಬಿಡಬೇಕು.

ಇದನ್ನು ಮಳೆ ನೀರಿನಲ್ಲಿ ಮಾಡಿದಾಗ ಜೇನುತುಪ್ಪದ ಹಾಗೆ ತಿಳಿಯಾಗಿ ಬಂತು. ಬೋರ್‌ವೆಲ್ ನೀರಿನಲ್ಲಿ ಮಾಡಿದಾಗ ಹಾಲು ಒಡೆದಂಥ ಚೂರುಗಳು, ಲೋಟದ ಗೋಡೆಗೆಲ್ಲ ಅಂಟಿಕೊಂಡವು. ನೀರಿನಲ್ಲಿ ಮೊದಲೇ ಇದ್ದ ಕ್ಯಾಲ್ಸಿಯಂ ಅಲ್ಲಲ್ಲೇ ಜೆಲ್ ಮಾಡಿಬಿಟ್ಟಿತ್ತು. ಆಲ್ಜಿನೇಟ್ ಸರಪಳಿಯಲ್ಲಿ ಗುಲುರೊನಿಕ್ ಆಮ್ಲದ ತುಂಡುಗಳು ಸಾಲಾಗಿ ಬರುವ ಕಡೆ ಗುಳಿಗಳಿರುತ್ತವೆ. ಎರಡು ಸರಪಳಿ ಎದುರುಬದುರು ಬಂದಾಗ ನಡುವಿನ ಗುಳಿಯಲ್ಲಿ ಕ್ಯಾಲ್ಸಿಯಂ ಅಯಾನ್ (ಚಾರ್ಜ್ ಇರುವ ಕಣ) ಕೂರುತ್ತದೆ, ಎರಡೂ ಕಚ್ಚಿಕೊಳ್ಳುತ್ತವೆ. ರಸಾಯನಶಾಸ್ತ್ರದವರು ಇದನ್ನು ಮೊಟ್ಟೆ ಟ್ರೇ ಮಾದರಿ ಅಂತಲೇ ಕರೆಯುತ್ತಾರೆ.

ಕ್ಯಾಲ್ಸಿಯಂಗೆ ನಾನು ಕೆಮಿಕಲ್ ಅಂಗಡಿ ಹುಡುಕಲಿಲ್ಲ. ಟೊಮೆಟೊ ಬೆಳೆಯುವ ಊರಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಪ್ರತಿ ಗೊಬ್ಬರದ ಅಂಗಡಿಯಲ್ಲೂ ಸಿಗುತ್ತದೆ. ಹಣ್ಣಿನ ತುದಿ ಕಪ್ಪಾಗಿ ಕೊಳೆಯುತ್ತದಲ್ಲ, ಅದಕ್ಕೆ ಡ್ರಿಪ್‌ನಲ್ಲಿ ಬಿಡೋದು ಇದನ್ನೇ. 100 ಮಿಲಿ ನೀರಿಗೆ 2 ಗ್ರಾಂ ಕರಗಿಸಿದರೆ ಸಾಕು. ಗೊಬ್ಬರದ ದರ್ಜೆಯದ್ದು ತಿನ್ನುವ ವಸ್ತು ಅಲ್ಲ. ಇದರಿಂದ ಮಾಡಿದ ಮಣಿಗಳನ್ನು ಮಕ್ಕಳ ಕೈಗೆ ಕೊಡಬೇಡಿ, ನೋಡೋಕೆ ಸಾಬೂದಾನಿ ತರಾನೇ ಇರುತ್ತವೆ.

ಸಿರಿಂಜಿಗೆ ಮೊಂಡು ಸೂಜಿ ಹಾಕಿ ಆಲ್ಜಿನೇಟ್ ದ್ರಾವಣವನ್ನು ಈ ಕ್ಯಾಲ್ಸಿಯಂ ನೀರಿಗೆ ಹನಿಹನಿಯಾಗಿ ಬಿಟ್ಟೆ. ಗೇಣುದ್ದ ಎತ್ತರದಿಂದ ಬಿಟ್ಟರೆ ಮಣಿ ದುಂಡಗೆ ಬರುತ್ತದೆ. ತೀರಾ ಹತ್ತಿರದಿಂದ ಬಿಟ್ಟರೆ ಬಾಲ ಉಳಿಯುತ್ತದೆ. ನೀರಿಗೆ ಬಿದ್ದ ಕ್ಷಣವೇ ಹನಿಯ ಮೇಲೆ ಒಂದು ಪೊರೆ. ಒಂದು ನಿಮಿಷಕ್ಕೆ ಹೊರತೆಗೆದು ಬ್ಲೇಡಿನಿಂದ ಎರಡು ಹೋಳು ಮಾಡಿ ನೋಡಿ: ಸಿಪ್ಪೆ ಗಟ್ಟಿ, ಒಳಗಿನಿಂದ ದ್ರವ ಸೋರುತ್ತದೆ. ಅರ್ಧ ಗಂಟೆ ಬಿಟ್ಟು ಕತ್ತರಿಸಿದರೆ ನಡುವಿನವರೆಗೂ ಗಟ್ಟಿ. ಕ್ಯಾಲ್ಸಿಯಂ ಹೊರಗಿನಿಂದ ಒಳಕ್ಕೆ ನಡೆದುಕೊಂಡು ಹೋಗುವುದನ್ನು ಇಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಪ್ರಯೋಗ ನನಗೆ ಗೊತ್ತಿಲ್ಲ.

ಮಣಿಗೆ ಈ ವಿಧಾನ ಸರಿ. ಒತ್ತಿ ನೋಡಲು ದಪ್ಪ ಬಿಲ್ಲೆ ಬೇಕು, ಅದಕ್ಕೆ ಇದು ಆಗಲ್ಲ. ಮೇಲ್ಪದರ ಗಟ್ಟಿಯಾಗಿ, ಒಳಗೆ ಮೆತ್ತಗೆ ಉಳಿಯುತ್ತದೆ. ಕ್ಯಾಲ್ಸಿಯಂ ಅನ್ನು ಒಳಗೇ ಅಡಗಿಸಿಟ್ಟು ನಿಧಾನವಾಗಿ ಬಿಡಿಸಬೇಕು. 200 ಮಿಲಿ ಆಲ್ಜಿನೇಟ್ ದ್ರಾವಣಕ್ಕೆ 0.3 ಗ್ರಾಂ ನುಣ್ಣನೆ ಕ್ಯಾಲ್ಸಿಯಂ ಕಾರ್ಬೊನೇಟ್ ಕಲಸಿದೆ. ಅದು ಕರಗಲ್ಲ, ಹಾಗಾಗಿ ತಕ್ಷಣ ಏನೂ ಆಗಲ್ಲ. ಆಮೇಲೆ 1.07 ಗ್ರಾಂ ಗ್ಲುಕೊನೊ ಡೆಲ್ಟಾ ಲ್ಯಾಕ್ಟೋನ್. ಸೋಯಾ ಹಾಲು ಹೆಪ್ಪು ಹಾಕಿ ತೋಫು ಮಾಡೋರು ಬಳಸುವ ಪುಡಿ ಅದು, ಆನ್‌ಲೈನ್‌ನಲ್ಲಿ ಸಿಗುತ್ತದೆ. ನೀರಿನಲ್ಲಿ ಮೆಲ್ಲಗೆ ಆಮ್ಲವಾಗುತ್ತದೆ, ಕಾರ್ಬೊನೇಟ್ ಕರಗುತ್ತದೆ, ಕ್ಯಾಲ್ಸಿಯಂ ಎಲ್ಲ ಕಡೆ ಒಂದೇ ಹದದಲ್ಲಿ ಬಿಡುಗಡೆಯಾಗುತ್ತದೆ. ಒಂದು ಕಾರ್ಬೊನೇಟ್ ಅಣುವಿಗೆ ಎರಡು ಲ್ಯಾಕ್ಟೋನ್ ಅಣು ಅನ್ನೋ ಲೆಕ್ಕಕ್ಕೆ ಈ ತೂಕ. ಹುಳಿಯೂ ಉಳಿಯಲ್ಲ, ಸುಣ್ಣವೂ ಉಳಿಯಲ್ಲ. ಬೆಳಗ್ಗೆ ಸ್ಟೀಲ್ ಡಬ್ಬಿಯಲ್ಲಿ ಒಂದೇ ಸಮನಾದ ಬಿಲ್ಲೆ ಸಿಕ್ಕಿತು.

ಗ್ವಾರ್ ಗಮ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ನೂರಕ್ಕೆ ಒಂದು ಪಾಲು ಕಲಸಿ ನೆನೆಯಲು ಬಿಟ್ಟು, ಬಿಳಿಗಾರದ ದ್ರಾವಣವನ್ನು ಹನಿಹನಿಯಾಗಿ ಹಾಕುತ್ತಾ ತಿರುವಬೇಕು. ಬಿಳಿಗಾರ ಗ್ರಂಥಿಗೆ ಅಂಗಡಿಯಲ್ಲಿ ಸಿಕ್ಕಿತು. ಚಮಚ, ಲೋಟ ಎಲ್ಲ ಅಡುಗೆಮನೆಯದ್ದು ಬೇಡ, ಬೇರೆ ಇಟ್ಟುಕೊಳ್ಳಿ. ತಿರುವುತ್ತಿದ್ದ ಹಾಗೆ ಇದ್ದಕ್ಕಿದ್ದಂತೆ ಇಡೀ ಲೋಟದ್ದು ಚಮಚಕ್ಕೆ ಸುತ್ತಿಕೊಂಡು ಮೇಲೇಳುತ್ತದೆ. ವಿನೆಗರ್ ಹಾಕಿದರೆ ಮತ್ತೆ ನೀರು ನೀರು. ವಾಷಿಂಗ್ ಸೋಡಾ ಹಾಕಿದರೆ ನೊರೆಗುಳ್ಳೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮತ್ತೆ ಜೆಲ್. ಬಿಳಿಗಾರದಲ್ಲಿರುವ ಬೋರೇಟ್ ಕ್ಷಾರದಲ್ಲಿ ಮಾತ್ರ ಸರಪಳಿಗಳನ್ನು ಹಿಡಿಯುತ್ತದೆ, ಹುಳಿಯಲ್ಲಿ ಕೈ ಬಿಡುತ್ತದೆ. ಬೋರ್‌ವೆಲ್ ನೀರಿನಲ್ಲೂ ಇದು ಅಷ್ಟೇ ಚೆನ್ನಾಗಿ ಬಂತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಪಿವಿಎ ಕೊಳ್ಳುವಾಗ ಎಚ್ಚರ. ಮರಗೆಲಸದ ಬಿಳಿ ಗೋಂದು ಪಾಲಿವಿನೈಲ್ ಅಸಿಟೇಟ್, ಅದು ಬೇರೆ ವಸ್ತು. ಪುಡಿಯಲ್ಲೂ ಎರಡು ತರ ಇದೆ. 87-89 ಶೇಕಡಾ ಹೈಡ್ರಾಲಿಸಿಸ್ ಆದದ್ದು (ಅಂದರೆ ಅಸಿಟೇಟ್ ಅಷ್ಟು ಪಾಲು ಕಳಚಿದ್ದು) ಬೇಗ ಕರಗುತ್ತದೆ, ಆದರೆ ಫ್ರೀಜರ್ ಜೆಲ್‌ಗೆ ಸರಿಹೋಗಲ್ಲ. 98-99 ಶೇಕಡಾದ್ದೇ ಬೇಕು. ಅದು ತಣ್ಣೀರಿನಲ್ಲಿ ಕರಗಲ್ಲ. ಒಂದು ಪಾತ್ರೆ ಕುದಿನೀರಿನೊಳಗೆ ಇನ್ನೊಂದು ಪಾತ್ರೆ ಇಟ್ಟು, 90 ಡಿಗ್ರಿ ಹತ್ತಿರ ಒಂದು ಗಂಟೆ ಕೈಯಾಡಿಸಬೇಕು. 100 ಮಿಲಿಗೆ 10 ಗ್ರಾಂ. ಮುಚ್ಚಳ ತೆಗೆದರೆ ಮೇಲೆ ಕೆನೆ ಕಟ್ಟುತ್ತದೆ, ಹಾಗಾಗಿ ಮುಚ್ಚಿಯೇ ಇಡಿ.

ಆಮೇಲಿನ ಕೆಲಸ ಫ್ರೀಜರ್‌ನದ್ದು. ರಾತ್ರಿ ಹೆಪ್ಪುಗಟ್ಟಿಸಿ, ಹಗಲು ಕರಗಲು ಬಿಟ್ಟು, ಹೀಗೆ ಮೂರ್ನಾಲ್ಕು ಸುತ್ತು. ಯಾವ ರಾಸಾಯನಿಕವೂ ಬೇಡ. ನೀರು ಮಂಜುಗಡ್ಡೆಯಾಗುವಾಗ ಪಾಲಿಮರ್ ಸರಪಳಿಗಳನ್ನು ಒಂದು ಮೂಲೆಗೆ ಒತ್ತುತ್ತದೆ. ಅಲ್ಲಿ ಸಣ್ಣ ಹರಳುಗಳಾಗಿ ಸರಪಳಿಗಳು ಸೇರಿಕೊಳ್ಳುತ್ತವೆ, ಮಂಜು ಕರಗಿದರೂ ಬಿಡಿಸಿಕೊಳ್ಳಲ್ಲ. ಮೊದಲ ಸುತ್ತಿಗೆ ಮೊಸರಿನ ಹದ, ಕೊನೆಗೆ ಬಿಳೀ ರಬ್ಬರ್. ಬೇಸಿಗೆಯಲ್ಲಿ ಕರೆಂಟ್ ಹೋಗಿ ಹೋಗಿ ಬಂದರೆ ಒಂದೆರಡು ಸುತ್ತು ಪುಕ್ಕಟೆ, ಲೆಕ್ಕ ಮಾತ್ರ ಸಿಗಲ್ಲ.

ಪಾಲಿಅಕ್ರಿಲೇಟ್ ಅನ್ನು ನಾನು ಮಾಡಲಿಲ್ಲ, ತೆಗೆದೆ. ಅಕ್ರಿಲಮೈಡ್ ತಂದು ಮನೆಯಲ್ಲೇ ಇದೇ ಜಾತಿಯ ಇನ್ನೊಂದು ಪಾಲಿಮರ್ ಮಾಡುವ ವಿಡಿಯೊಗಳಿವೆ. ಆ ಮಾನೋಮರ್ (ಪಾಲಿಮರ್ ಕಟ್ಟುವ ಬಿಡಿ ಅಣು) ನರಗಳಿಗೆ ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ತಾರಸಿ ಮೇಲಿನ ಕೆಲಸ ಅಲ್ಲ ಅದು. ಹೊಸ ಡೈಪರ್ ಕತ್ತರಿಸಿ, ಹತ್ತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ ಅಲ್ಲಾಡಿಸಿದರೆ ಮೂಲೆಯಲ್ಲಿ ಸಣ್ಣ ರವೆಯಂಥ ಕಾಳು ಸೇರುತ್ತದೆ. ಮಾಸ್ಕ್ ಹಾಕಿಕೊಂಡೇ ಮಾಡಿ, ಮೂಗಿಗೆ ಹೋದರೆ ಅಲ್ಲೇ ಊದಿಕೊಳ್ಳುತ್ತದೆ.

ಇನ್ನು ಒತ್ತಿ ನೋಡುವ ಯಂತ್ರ. ಜೆಲಟಿನ್ ವ್ಯಾಪಾರದಲ್ಲಿ ಬ್ಲೂಮ್ ಅನ್ನೋ ಅಳತೆ ಇದೆ. ಆಸ್ಕರ್ ಬ್ಲೂಮ್ ಅನ್ನುವವರು 1925ರಲ್ಲಿ ಪೇಟೆಂಟ್ ಪಡೆದ ವಿಧಾನ. ಅರ್ಧ ಇಂಚು ಅಗಲದ ಚಪ್ಪಟೆ ದಿಂಡನ್ನು ಜೆಲ್ ಒಳಗೆ 4 ಮಿಲಿಮೀಟರ್ ಒತ್ತಲು ಎಷ್ಟು ಗ್ರಾಂ ಬೇಕು ಅನ್ನೋದೇ ಆ ಅಂಕಿ. ನಾನು ಮರದ ಹಲಗೆಯಿಂದ ಒಂದು ಚೌಕಟ್ಟು ಮಾಡಿ, ಮೇಲಿನ ಪಟ್ಟಿಯಲ್ಲಿ ಎಂ6 (6 ಮಿಲಿಮೀಟರ್ ಅಳತೆಯ) ನಟ್ ಕೂರಿಸಿ, ಅದರಲ್ಲಿ ಉದ್ದದ ಬೋಲ್ಟ್ ಇಳಿಬಿಟ್ಟೆ. ಎಂ6 ಬೋಲ್ಟ್ ಒಂದು ಸುತ್ತಿಗೆ ಸರಿಯಾಗಿ 1 ಮಿಲಿಮೀಟರ್ ಇಳಿಯುತ್ತದೆ. ನಾಲ್ಕು ಸುತ್ತು ಅಂದರೆ 4 ಮಿಲಿಮೀಟರ್, ಸ್ಕೇಲೇ ಬೇಡ. ಬೋಲ್ಟಿನ ತುದಿಗೆ ಅರ್ಧ ಇಂಚಿನ ನೈಲಾನ್ ದಿಂಡು, ಕೆಳಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅದರ ಮೇಲೆ ಜೆಲ್ ಡಬ್ಬಿ. ಒತ್ತಿದಷ್ಟೂ ತಕ್ಕಡಿ ತೋರಿಸುತ್ತದೆ.

ಇಂಥ ಜುಗಾಡಿಗೆ ದೊಡ್ಡವರ ದಾರಿಯೇ ಇದೆ. ಹೈಡ್ರೋಜೆಲ್‌ನಿಂದ ಮೆದು ಕಾಂಟ್ಯಾಕ್ಟ್ ಲೆನ್ಸ್ ಮಾಡಿದ ಜೆಕ್ ವಿಜ್ಞಾನಿ ಒಟ್ಟೊ ವಿಖ್ಟರ್ಲೆ, 1961ರ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳ ಮೆರ್ಕುರ್ ಆಟಿಕೆ ಸೆಟ್ಟು, ಸೈಕಲ್ ಡೈನಮೋ ಸೇರಿಸಿ ಮನೆಯಲ್ಲೇ ಲೆನ್ಸ್ ಎರಕದ ಯಂತ್ರ ಕಟ್ಟಿದ್ದರು.

ಅಗ್ಗದ ತಕ್ಕಡಿಯ ಒಂದು ಚಾಳಿ ಗೊತ್ತಿರಲಿ. ತೂಕ ತೀರಾ ನಿಧಾನವಾಗಿ ಏರಿದರೆ ಅದು ಸೊನ್ನೆ ಜಾರಿದೆ ಅಂದುಕೊಂಡು ತಾನೇ ಸರಿಮಾಡಿಕೊಳ್ಳುತ್ತದೆ. ಹಾಗಾಗಿ ಡಬ್ಬಿ ಇಟ್ಟ ಮೇಲೆ ಸೊನ್ನೆ ಮಾಡದೆ, ಪೂರ್ತಿ ತೂಕವನ್ನೇ ಬರೆದುಕೊಂಡು ಆಮೇಲೆ ಕಳೆಯುವುದು ಒಳ್ಳೆಯದು.

ಆಲ್ಜಿನೇಟ್ ಬಿಲ್ಲೆ ನಾಲ್ಕು ಸುತ್ತಿಗೆ 110 ಗ್ರಾಂ ಆಸುಪಾಸು ತೋರಿಸಿತು, ಪಿವಿಎ 340. ಹೋಲಿಕೆಗೆ ಅಂತ ಚೈನಾ ಗ್ರಾಸ್ ಜೆಲ್ಲಿಯನ್ನೂ ಇಟ್ಟಿದ್ದೆ. ಅದು ಗಟ್ಟಿಯಾಗೇ ನಿಂತಿತು, ಇನ್ನೂ ಸ್ವಲ್ಪ ತಿರುಗಿಸಿದ ಕೂಡಲೇ ಚಟ್ ಅಂತ ಬಿರಿಯಿತು. ಆದರೆ ಈ ಅಂಕಿಗಳಿಗಿಂತ ನನಗೆ ರುಚಿಸಿದ್ದು ತಿರುಗಿಸುವುದು ನಿಲ್ಲಿಸಿದ ಮೇಲೆ ಆಗುವುದು. ಬೋಲ್ಟ್ ಅಲ್ಲೇ ಇದೆ, ಆದರೂ ತಕ್ಕಡಿಯ ಅಂಕಿ ಇಳಿಯುತ್ತಾ ಹೋಗುತ್ತದೆ. ಪಿವಿಎ ಸ್ವಲ್ಪ ಇಳಿದು ನಿಂತಿತು. ಆಲ್ಜಿನೇಟ್ ಇನ್ನೂ ಜಾಸ್ತಿ ಇಳಿಯಿತು, ಕ್ಯಾಲ್ಸಿಯಂ ಗಂಟುಗಳು ಅಲ್ಲಲ್ಲಿ ಬಿಚ್ಚಿ ಬೇರೆ ಕಡೆ ಕಟ್ಟಿಕೊಳ್ಳುತ್ತವೆ. ಗ್ವಾರ್ ಗಮ್ ಅಂತೂ ನೋಡನೋಡುತ್ತಲೇ ಸೊನ್ನೆಗೆ ಬಂತು. ಅದು ಅಸಲಿಗೆ ತುಂಬಾ ನಿಧಾನವಾಗಿ ಹರಿಯುವ ದ್ರವ. ಒಂದೇ ಅಂಕಿ ಬರೆದು ಸುಮ್ಮನಾಗಿದ್ದರೆ ಈ ವ್ಯತ್ಯಾಸ ಕಾಣುತ್ತಲೇ ಇರಲಿಲ್ಲ.

ಈಗ ನೀರು ಹೀರುವ ಪರೀಕ್ಷೆ. ಟೀ ಬ್ಯಾಗ್ ವಿಧಾನ ಅನ್ನುತ್ತಾರೆ. ನೈಲಾನ್ ಬಟ್ಟೆಯ ಸಣ್ಣ ಚೀಲ ಹೊಲಿದು ಅರ್ಧ ಗ್ರಾಂ ಕಾಳು ಹಾಕಿ, ಒಂದು ಲೀಟರ್ ನೀರಿನಲ್ಲಿ ಮುಳುಗಿಸಿ, ಆಮೇಲೆ ಬಟ್ಟೆ ಕ್ಲಿಪ್ಪಿಗೆ ನೇತುಹಾಕಿ ಹತ್ತು ನಿಮಿಷ ನೀರು ಸೋರಲು ಬಿಟ್ಟು ತೂಗಬೇಕು. ಖಾಲಿ ಒದ್ದೆ ಚೀಲದ ತೂಕ ಕಳೆಯಬೇಕು. ಚೀಲ ದೊಡ್ಡದಾಗಿರಲಿ, ಒಳಗೆ ಊದಲು ಜಾಗ ಇಲ್ಲದಿದ್ದರೆ ಅಳೆದಿದ್ದು ಚೀಲದ ಗಾತ್ರ ಆಗುತ್ತದೆ.

ಮಳೆ ನೀರಿನಲ್ಲಿ ಡೈಪರ್ ಕಾಳು ತನ್ನ ತೂಕದ 300 ಪಟ್ಟು ದಾಟಿತು. ಆರ್‌ಒ ನೀರಿನಲ್ಲಿ 240. ಭಾವನ ಪ್ಯಾಕೆಟ್ಟಿನ ಪುಡಿಯೂ ಹೆಚ್ಚುಕಮ್ಮಿ ಅಷ್ಟೇ. ಬೋರ್‌ವೆಲ್ ನೀರಿನಲ್ಲಿ ಅರ್ಧ ಗಂಟೆಗೆ 70. ಇದೇ ಕಮ್ಮಿ ಆಯ್ತಲ್ಲ ಅಂದುಕೊಂಡು ಹಾಗೇ ಬಿಟ್ಟೆ. ಬೆಳಗ್ಗೆ ತೂಗಿದರೆ 30! ಹೀರಿದ್ದನ್ನೇ ಕಕ್ಕಿತ್ತು. ಹೊಸ ಬೋರ್‌ವೆಲ್ ನೀರಿಗೆ ಬದಲಾಯಿಸಿದಾಗ ಇನ್ನೂ ಕುಗ್ಗಿತು. ಕೊನೆಗೆ ಚೀಲದಲ್ಲಿದ್ದದ್ದು ಮೆದು ಜೆಲ್ ಅಲ್ಲ, ಬೆರಳಲ್ಲಿ ಒತ್ತಿದರೆ ಕಿರ್ ಅನ್ನುವ ಬಿಳಿಚಿದ ಹರಳು.

ಯಾಕೆ ಹೀಗೆ? ಪಾಲಿಅಕ್ರಿಲೇಟ್ ಸರಪಳಿಯ ಉದ್ದಕ್ಕೂ ಋಣ ಚಾರ್ಜ್ ಇದೆ, ಜೊತೆಗೆ ಸೋಡಿಯಂ ಅಯಾನ್‌ಗಳಿವೆ. ಆ ಅಯಾನ್‌ಗಳು ಜೆಲ್ ಬಿಟ್ಟು ಆಚೆ ಹೋಗುವ ಹಾಗಿಲ್ಲ, ಹಾಗಾಗಿ ನೀರೇ ಒಳಗೆ ಬರುತ್ತದೆ. ಊದುವುದು ಇದರಿಂದಲೇ. ಹೊರಗಿನ ನೀರು ಉಪ್ಪಾಗಿದ್ದರೆ ಒಳಗೆ ಬರುವ ಆತುರ ಕಮ್ಮಿಯಾಗುತ್ತದೆ. ಅದು ಬರೀ ಉಪ್ಪಿನ ಕಥೆ. ಕ್ಯಾಲ್ಸಿಯಂ ಇನ್ನೂ ಒಂದು ಹೆಜ್ಜೆ ಮುಂದೆ. ಅದಕ್ಕೆ ಎರಡು ಧನ ಚಾರ್ಜ್. ಸೋಡಿಯಂ ಅನ್ನು ಆಚೆ ತಳ್ಳಿ, ಎರಡು ಸರಪಳಿಗಳನ್ನು ಒಟ್ಟಿಗೆ ಹಿಡಿದು ಬಿಗಿಯುತ್ತದೆ.

ಇವೆರಡನ್ನು ಬೇರೆ ಮಾಡಿ ನೋಡಲು ಇನ್ನೊಂದು ಚೀಲವನ್ನು ಲೀಟರಿಗೆ 9 ಗ್ರಾಂ ಅಡುಗೆ ಉಪ್ಪು ಹಾಕಿದ ಆರ್‌ಒ ನೀರಿನಲ್ಲಿಟ್ಟೆ. ಅದು 45 ಪಟ್ಟಿಗೆ ನಿಂತಿತು. ಆಮೇಲೆ ಎರಡೂ ಚೀಲಗಳನ್ನು ಮಳೆ ನೀರಿಗೆ ಹಾಕಿ, ನೀರು ಬದಲಾಯಿಸುತ್ತಾ ಹೋದೆ. ಉಪ್ಪಿನದು ಮತ್ತೆ ಊದಿಕೊಂಡು ಬಹುಪಾಲು ಹಳೇ ಗಾತ್ರಕ್ಕೆ ಬಂತು. ಬೋರ್‌ವೆಲ್‌ನದು ಹಾಗೇ ಮುದುಡಿಕೊಂಡು ಕೂತಿತ್ತು. ಬೋರ್‌ವೆಲ್ ನೀರಿನ ಒಟ್ಟು ಉಪ್ಪು ಲೀಟರಿಗೆ ಒಂದು ಗ್ರಾಂ ಚಿಲ್ಲರೆ, ಈ ಲೋಟದಲ್ಲಿ 9 ಗ್ರಾಂ. ಆದರೂ ಜಾಸ್ತಿ ಹಾಳು ಮಾಡಿದ್ದು ಬೋರ್‌ವೆಲ್ಲೇ. ಟಿಡಿಎಸ್ ನೋಡಿ ಜೆಲ್ ಕೊಳ್ಳಬಾರದು ಅನ್ನೋದಕ್ಕೆ ಇಷ್ಟು ಸಾಕು.

ಅದೇ ಕ್ಯಾಲ್ಸಿಯಂ ಆಲ್ಜಿನೇಟ್ ಅನ್ನು ಕಟ್ಟಿತು, ಪಾಲಿಅಕ್ರಿಲೇಟ್ ಅನ್ನು ಕೆಡಿಸಿತು. ಗ್ವಾರ್ ಗಮ್‌ಗೂ ಪಿವಿಎಗೂ ಏನೂ ಮಾಡಲಿಲ್ಲ. ನೈಸರ್ಗಿಕ, ಕೃತಕ ಅಂತ ಎರಡು ಪಾಲು ಮಾಡಿ ನೋಡುವುದು ಅಂಗಡಿಯವರಿಗೆ ಅನುಕೂಲ ಇರಬಹುದು. ಗಡಸು ನೀರಿನ ಊರಿನಲ್ಲಿ ಕೇಳಬೇಕಾದ ಪ್ರಶ್ನೆ ಸರಪಳಿಯ ಮೇಲೆ ಚಾರ್ಜ್ ಇದೆಯಾ, ಇಲ್ವಾ ಅನ್ನೋದು. ಪಾಚಿಯದ್ದು, ಡೈಪರಿನದ್ದು ಒಂದು ಕಡೆ. ಗೋರಿಕಾಯಿಯದ್ದು, ಪಿವಿಎ ಇನ್ನೊಂದು ಕಡೆ.

ಹಾಗಾದರೆ ಚಾರ್ಜ್ ಇಲ್ಲದ್ದನ್ನೇ ಮಣ್ಣಿಗೆ ಹಾಕಬಹುದಲ್ವಾ? ಅಲ್ಲೇ ತೊಡಕು. ಆ ನೂರಾರು ಪಟ್ಟು ಹೀರುವ ಶಕ್ತಿ ಬರುವುದೇ ಚಾರ್ಜ್‌ನಿಂದ. ಪಿವಿಎ ಬಿಲ್ಲೆ ಒಣಗಿಸಿ ನೆನೆಸಿದರೆ ತೂಕದ ಕೆಲವೇ ಪಟ್ಟು ಹೀರಿತು. ಗಟ್ಟಿ ಬೇಕು ಅಂದರೆ ಗಂಟು ಜಾಸ್ತಿ ಬೇಕು, ಗಂಟು ಜಾಸ್ತಿ ಆದರೆ ಊದಲು ಸಡಿಲ ಇರಲ್ಲ. ಆಲ್ಜಿನೇಟ್ ಮಣಿಗಳೂ ಅಷ್ಟೇ. ಬಿಸಿಲಿಗೆ ಒಣಗಿಸಿದಾಗ ಸಾಸಿವೆಗಿಂತ ಚಿಕ್ಕ ಗಟ್ಟಿ ಕಾಳಾದವು. ನೀರಿಗೆ ಹಾಕಿದರೆ ಹಳೇ ಗಾತ್ರದ ಹತ್ತಿರಕ್ಕೂ ಬರಲಿಲ್ಲ.

ಮುದುಡಿದ ಪಾಲಿಅಕ್ರಿಲೇಟ್‌ಗೆ ಜೀವ ಬರಿಸಲು ಒಂದು ದಾರಿ ಇದೆ. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ನೀರಿಗೆ ನೊರೆ ನಿಲ್ಲುವವರೆಗೆ ಅಡುಗೆ ಸೋಡಾ ಹಾಕಿದರೆ ಸೋಡಿಯಂ ಸಿಟ್ರೇಟ್ ಸಿಗುತ್ತದೆ. ಸಿಟ್ರೇಟ್ ಕ್ಯಾಲ್ಸಿಯಂ ಕಂಡರೆ ಬಿಡಲ್ಲ, ಹಿಡಿದು ಎಳೆದುಕೊಳ್ಳುತ್ತದೆ. ಆ ನೀರಿನಲ್ಲಿ ನೆನೆಸಿ, ಮಳೆ ನೀರಿನಲ್ಲಿ ಮತ್ತೆ ಮತ್ತೆ ತೊಳೆದಾಗ ಹರಳು ಮೆದುವಾಗಿ ಊದಲು ಶುರುವಾಯಿತು. ಅದೇ ಸಿಟ್ರೇಟ್ ನೀರಿಗೆ ಆಲ್ಜಿನೇಟ್ ಮಣಿಗಳನ್ನು ಹಾಕಿದೆ. ಅಂಚು ಮಸುಕಾಗಿ, ಉಬ್ಬಿ, ಕೊನೆಗೆ ಲೋಟದಲ್ಲಿ ಬರೀ ಮಂದ ದ್ರವ ಉಳಿಯಿತು. ಒಂದಕ್ಕೆ ಮದ್ದು, ಇನ್ನೊಂದಕ್ಕೆ ವಿಷ.

ಕುಂಡದ ಪರೀಕ್ಷೆಯಲ್ಲಿ ಅಚ್ಚರಿ ಏನೂ ಇರಲಿಲ್ಲ. ಕೆಂಪು ಮಣ್ಣು, ಒಂದೇ ಟ್ರೇನ ಟೊಮೆಟೊ ಸಸಿಗಳು, ಕಿಲೋ ಮಣ್ಣಿಗೆ 2 ಗ್ರಾಂ ಪ್ಯಾಕೆಟ್ ಪುಡಿ. ಡೈಪರಿನದ್ದನ್ನು ಮಣ್ಣಿಗೆ ಹಾಕಲಿಲ್ಲ, ಅದರ ಸೋಡಿಯಂ ನಮ್ಮ ಮಣ್ಣಿಗೆ ಬೇಡ. ಬೇಸಾಯದ ಪುಡಿಗಳಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಮಳೆ ನೀರು ಕೊಟ್ಟ ಕುಂಡಗಳಲ್ಲಿ ಜೆಲ್ ಇದ್ದವು ನೀರು ನಿಲ್ಲಿಸಿದ ಮೇಲೆ ಬಾಡಲು ತಡಮಾಡಿದವು, ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಬೋರ್‌ವೆಲ್ ನೀರು, ಮೇಲೆ ಕ್ಯಾಲ್ಸಿಯಂ ನೈಟ್ರೇಟ್ ಕೊಟ್ಟವುಗಳಲ್ಲಿ ಜೆಲ್ ಇದ್ದದ್ದು ಯಾವುದು, ಇಲ್ಲದ್ದು ಯಾವುದು ಅಂತ ಚೀಟಿ ನೋಡಿಯೇ ಹೇಳಬೇಕಾಯಿತು. ಭಾವ ಚೀಟಿ ತಿರುಗಿಸಿ ನೋಡಿ, "ಅಂದ್ರೆ ಪ್ರತಿ ಸಲ ನೀರು ಬಿಟ್ಟಾಗ್ಲೂ ನಾವೇ ಇದನ್ನ ಕೊಲ್ತಾ ಇದೀವಿ ಅನ್ನು" ಅಂದರು. ಹೌದು, ಪ್ರತಿ ಸಲದ ನೀರೂ ಇನ್ನಷ್ಟು ಕ್ಯಾಲ್ಸಿಯಂ ತಂದು ಕೊಡುತ್ತದೆ.

ಕ್ಯಾಲ್ಸಿಯಂಗೆ ಸಮಯ ಸಿಗದ ಕಡೆ ಮಾತ್ರ ಇದರಿಂದ ಉಪಯೋಗ. ನಾಟಿ ಹೊತ್ತು ಅಂಥದ್ದು. ಸಸಿ ಬೇರು ಹಿಡಿಯುವ ಮೊದಲ ಕೆಲವು ದಿನ ದಾಟಿದರೆ ಸಾಕು, ಆಮೇಲೆ ಜೆಲ್ ಮುದುಡಿದರೂ ನಷ್ಟ ಇಲ್ಲ. ಲೀಟರ್ ಮಳೆ ನೀರಿಗೆ 4-5 ಗ್ರಾಂ ನುಣ್ಣನೆ ಪುಡಿ ಹಾಕಿ ಒಂದು ಗಂಟೆ ಬಿಟ್ಟರೆ ಅಂಬಲಿಯಷ್ಟು ಮಂದವಾಗುತ್ತದೆ. ಪ್ರೋ ಟ್ರೇಯಿಂದ ತೆಗೆದ ಸಸಿಯ ಕೋಕೋಪೀಟ್ ಗಡ್ಡೆಯನ್ನು ಅದರಲ್ಲಿ ಅದ್ದಿ ನೇರ ಗುಳಿಗೆ ಇಡಬೇಕು. ಬಕೆಟ್ಟಿಗೆ ಬೋರ್‌ವೆಲ್ ನೀರು ಸೇರಿಸಿ ತೆಳು ಮಾಡೋಕೆ ಹೋಗಬೇಡಿ. ಮಿಕ್ಕಿದ್ದನ್ನು ಮೋರಿಗೆ ಸುರಿಯಬೇಡಿ, ಪೈಪು ಕಟ್ಟುತ್ತದೆ. ಒಂದು ಹಿಡಿ ಕ್ಯಾಲ್ಸಿಯಂ ನೈಟ್ರೇಟ್ ಹಾಕಿ ಕಲಕಿದರೆ ನೀರು ಬಿಟ್ಟು ತಳದಲ್ಲಿ ಕೂರುತ್ತದೆ. ನೀರನ್ನು ಗಿಡಕ್ಕೆ ಹಾಕಿ, ಹರಳನ್ನು ಒಣಗಿಸಿ ಒಣ ಕಸಕ್ಕೆ ಕೊಡಿ.